ಶಿವಮೊಗ್ಗದ ಪಿನ್ ಕೋಡ್ ಒಡೆಯುವುದು ಹೇಗೆ?

ಶಿವಮೊಗ್ಗ ನಗರದ ಪಿನ್ ಕೋಡ್ 577201. ವಿಳಾಸದ ಕೊನೆಯಲ್ಲಿ ಬರೆದು ಮರೆತುಬಿಡುವ ಈ ಸಂಖ್ಯೆ ಅವಿಭಾಜ್ಯವೇ? ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ. ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ, ಪೆನ್ಸಿಲ್ ಸಾಕು.

ಮೊದಲು ಸುಲಭದವು. ಕೊನೆಯ ಅಂಕಿ 1 ಆದ್ದರಿಂದ 2 ಮತ್ತು 5 ಹೊರಗೆ. ಅಂಕಿಗಳ ಮೊತ್ತ 22, ಹಾಗಾಗಿ 3 ಕೂಡ ಹೊರಗೆ.

7, 11, 13 ಮೂರನ್ನೂ ಒಂದೇ ಏಟಿಗೆ ಪರೀಕ್ಷಿಸಬಹುದು. ಇವುಗಳ ಗುಣಲಬ್ಧ 1001. ಹೀಗಾಗಿ ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಬಿಡಿಸಿ ಕಳೆದರೆ ಆಯಿತು: 577 − 201 = 376. ಈ 376ನ್ನು ಮೂರರಲ್ಲಿ ಯಾವುದೂ ಶೇಷವಿಲ್ಲದೆ ಭಾಗಿಸುವುದಿಲ್ಲ. 577201 ಎಂದರೆ 577 × 1001 − 376; ಅಂದಮೇಲೆ 577201ನ್ನೂ ಭಾಗಿಸುವುದಿಲ್ಲ. 7ರ ಪರೀಕ್ಷೆಗೆ ಇದಕ್ಕಿಂತ ಚೆಂದದ ಉಪಾಯ ನನಗಂತೂ ಗೊತ್ತಿಲ್ಲ.

ಈಗ 17. ಉದ್ದ ಭಾಗಾಕಾರಕ್ಕೆ ಕೂರಬೇಡಿ, ಸೊನ್ನೆಗಳಲ್ಲಿ ಮುಗಿಯುವ ಹತ್ತಿರದ ಗುಣಕವನ್ನು ಹಿಡಿಯಿರಿ. 17 × 34000 = 578000. ನಮ್ಮ ಸಂಖ್ಯೆ ಅದಕ್ಕಿಂತ 799 ಕಡಿಮೆ. 799 ಎಂದರೆ 17 × 47. ಸಿಕ್ಕಿತು! ಭಾಗಲಬ್ಧ 34000 − 47, ಅಂದರೆ 33953. 19ಕ್ಕೂ ಇದೇ ದಾರಿ: 19 × 1800 = 34200, ಹೆಚ್ಚಾದದ್ದು 247, ಅದು 19 × 13. ಉಳಿಯುವುದು 1787.

ಇದು ಇನ್ನೂ ಒಡೆಯುತ್ತದೆಯೇ? 43ರ ವರ್ಗ 1849, ಆಗಲೇ 1787ನ್ನು ದಾಟಿತು. ಆದ್ದರಿಂದ 41ರವರೆಗೆ ನೋಡಿದರೆ ಸಾಕು. 17, 19, 23, 29, 31, 37, 41 ಎಲ್ಲವೂ ಶೇಷ ಉಳಿಸುತ್ತವೆ. 1787 ಅವಿಭಾಜ್ಯ.

577201 = 17 × 19 × 1787

ಮೂರು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಸೇರಿಸಬಹುದು ಇಲ್ಲವೇ ಬಿಡಬಹುದು, ಹಾಗಾಗಿ ಭಾಜಕಗಳು 2 × 2 × 2 = 8; ಪ್ರತಿಯೊಂದಕ್ಕೂ 1 ಕೂಡಿಸಿ ಗುಣಿಸಿದರೆ ಅವುಗಳ ಮೊತ್ತ: 18 × 20 × 1788 = 643680.

ಸ್ವಾರಸ್ಯವಿರುವುದು ಮುಂದಿನ ಪ್ರಶ್ನೆಯಲ್ಲಿ: ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯಗಳನ್ನೆಲ್ಲ ಹಾಗೆ ಬರೆಯಬಹುದು; 17 = 16 + 1. 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ಹೇಳಿದ ಈ ಮಾತನ್ನು 18ನೇ ಶತಮಾನದಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದರು. 577201 ಕೂಡ 1ನ್ನೇ ಉಳಿಸುತ್ತದೆ. ಆದರೂ ಆಗುವುದಿಲ್ಲ! ಏಕೆಂದರೆ 19 ಮತ್ತು 1787 ಎರಡೂ 3ನ್ನು ಉಳಿಸುವಂಥವು. 3 × 3 = 9, ಅದರ ಶೇಷ 1; ಒಂದರ ದೋಷವನ್ನು ಇನ್ನೊಂದು ಮುಚ್ಚಿಹಾಕಿದೆ. 3ನ್ನು ಉಳಿಸುವ ಅವಿಭಾಜ್ಯ ಪ್ರತಿಯೊಂದೂ ಸರಿಸಂಖ್ಯೆಯ ಬಾರಿ ಬಂದರೆ ಮಾತ್ರ ಎರಡು ವರ್ಗಗಳು ಸಿಗುತ್ತವೆ. ಇಲ್ಲಿ ಎರಡೂ ಒಂದೊಂದೇ ಬಾರಿ ಬಂದಿವೆ. ಸಂಖ್ಯೆಯನ್ನು ಒಡೆಯದೆ ಈ ಗುಟ್ಟು ಹೊರಬೀಳುತ್ತಿರಲಿಲ್ಲ.

ಸಾಗರದವರು ತಮ್ಮ 577401ನ್ನು ಹಿಡಿದು ಕೂರಬಹುದು. ಅಂಕಿಗಳ ಮೊತ್ತ 24, ಹಾಗಾಗಿ 3 ಖಚಿತ. 577 − 401 = 176, ಅದು 11 × 16. ಎರಡನ್ನೂ ತೆಗೆದರೆ 17497 ಉಳಿಯುತ್ತದೆ. ಅದನ್ನು ತೀರ್ಮಾನಿಸಲು 131ರವರೆಗಿನ ಅವಿಭಾಜ್ಯಗಳನ್ನೆಲ್ಲ ಹಾಕಿ ನೋಡಬೇಕು, ಆಷಾಢದ ಮಳೆ ಬಿಡುವವರೆಗೆ ಸಾಕಷ್ಟು ಕೆಲಸ.