ಬಾನಿಯ ನೀರು, ಕಸದ ಗುಡ್ಡೆ ಮತ್ತು ನಮ್ಮ ಅತ್ತೆ

ನನ್ನ ಹೊಲಿಗೆ ಯಂತ್ರ ಇರುವುದು ಹಿತ್ತಲ ಕಡೆಯ ಕಿಟಕಿಯ ಬಳಿ. ಬೆಳಕಿಗೆಂದು ಅಲ್ಲಿಟ್ಟದ್ದು, ಹಕ್ಕಿ ನೋಡಲು ಅಲ್ಲ. ಮೂಡಿಗೆರೆಯಲ್ಲಿ ಮಳೆ ಹಿಡಿಯಿತೆಂದರೆ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು, ಸೂಜಿಗೆ ದಾರ ಪೋಣಿಸಲು ಕಿಟಕಿಯೇ ಗತಿ. ಕಿಟಕಿಯಾಚೆ ಒಂದು ಹಲಸು, ಎರಡು ಪೇರಳೆ, ಬಟ್ಟೆ ಒಗೆಯುವ ಕಲ್ಲು. ಬೇಲಿ ದಾಟಿದರೆ ಬೇರೆಯವರ ಕಾಫಿ ತೋಟ. ದಿನಕ್ಕೆ ಏಳೆಂಟು ಗಂಟೆ ಅಲ್ಲೇ ಕೂರುವವಳಿಗೆ ಹಕ್ಕಿಗಳು ಕಣ್ಣಿಗೆ ಬೀಳದೆ ಇರುತ್ತವೆಯೇ?

ಆರು ವರ್ಷದ ಹಿಂದೆ ನಾನು ಮಾಡಿದ ಮೊದಲ ಕೆಲಸ, ಎಲ್ಲರೂ ಮಾಡುವಂಥದ್ದೇ: ಮಿಕ್ಕ ಅನ್ನವನ್ನು ತಟ್ಟೆಯಲ್ಲಿ ಹಾಕಿ ಕಟ್ಟೆಯ ಮೇಲಿಟ್ಟೆ. ಒಂದೊಂದು ದಿನ ಚಿತ್ರಾನ್ನವೂ ಇರುತ್ತಿತ್ತು. ಕಾಗೆ ಬಂತು, ಗೊರವಂಕ ಬಂತು. ಅವು ಮೊದಲೂ ಬರುತ್ತಿದ್ದವು. ಆಮೇಲೆ ಚೆಲ್ಲಿದ ಅಗುಳಿಗೆ ಇಲಿ ಬಂತು, ಇಲಿಯ ಹಿಂದೆ ಕೇರೆ ಹಾವು ಬಂತು, ಎಲ್ಲವನ್ನೂ ವಿಚಾರಿಸಿಕೊಳ್ಳಲು ಪಕ್ಕದ ಮನೆಯ ಬೆಕ್ಕೂ ಬಂತು. ಕೊನೆಗೆ ಒಂದು ಬೆಳಿಗ್ಗೆ ಹದಿನಾಲ್ಕು ಮಂಗಗಳು. ಮಂಗಕ್ಕೆ ಒಮ್ಮೆ ತಿನ್ನಲು ಸಿಕ್ಕಿದ ಮನೆಯ ವಿಳಾಸ ಮರೆಯುವುದಿಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಇದು ಹೆಂಚು ಒಡೆಯುವ ವಿಷಯ ಮಾತ್ರವಲ್ಲ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಕಾಣಿಸಿಕೊಂಡಿದೆ. ಅದನ್ನು ಹರಡುವ ಉಣುಗುಗಳು ಮಂಗದ ಮೈಮೇಲೂ ಇರುತ್ತವೆ. ಅವತ್ತೇ ತಟ್ಟೆ ಒಳಗೆ ಬಂತು. ಉಪ್ಪು, ಎಣ್ಣೆ ಹಾಕಿದ ಅಡುಗೆ ಹಕ್ಕಿಗೆ ಒಳ್ಳೆಯದಲ್ಲ ಎಂಬುದು ಆಮೇಲೆ ತಿಳಿಯಿತು.

ಮುಂದೆ ನವಣೆ. ತೆಂಗಿನ ಕರಟಕ್ಕೆ ತೂತು ಕೊರೆದು, ದಾರ ಕಟ್ಟಿ ಪೇರಳೆ ಕೊಂಬೆಗೆ ತೂಗು ಹಾಕಿದೆ. ಒಂಬತ್ತು ದಿನ ಯಾರೂ ಮೂಸಿ ನೋಡಲಿಲ್ಲ. ಹತ್ತನೆಯ ದಿನ ರಾಟವಾಳಗಳ ಗುಂಪು ಇಳಿಯಿತು. ಈಗಲೂ ಬೇಸಿಗೆಯಲ್ಲಿ ಬೆಳಿಗ್ಗೆ ಒಂದೇ ಮುಷ್ಟಿ ಹಾಕುತ್ತೇನೆ, ಹತ್ತು ಗಂಟೆಯೊಳಗೆ ಖಾಲಿಯಾಗುವಷ್ಟು. ಮಳೆಗಾಲದಲ್ಲಿ ಹಾಕುವುದಿಲ್ಲ. ನಮ್ಮೂರಿನ ಮಳೆಗೆ ಕಾಳು ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದದ್ದು ಹಕ್ಕಿಗೆ ಕಾಯಿಲೆ ತರುತ್ತದೆ. ಪಿಕಳಾರ, ಕುಟ್ರುಗಳಿಗೆ ಕಾಳು ಬೇಡ, ಹಣ್ಣು ಬೇಕು. ಪೇರಳೆಯ ಮೇಲಿನ ಕೊಂಬೆಗಳನ್ನು ಕೊಯ್ಯದೆ ಬಿಟ್ಟದ್ದಷ್ಟೇ ನನ್ನ ಸೇವೆ. ಗಸಗಸೆ ಹಣ್ಣಿನ ಗಿಡವೊಂದನ್ನು ನೆಟ್ಟೆ. ಎರಡನೆಯ ವರ್ಷಕ್ಕೇ ಕಾಯಿ ಬಿಟ್ಟಿತು. ಹಗಲು ಪಿಕಳಾರ, ಬದನಿಕೆ ಹಕ್ಕಿ, ಅಳಿಲು. ರಾತ್ರಿ ಬಾವಲಿಗಳ ಪಾಳಿ. ಹೂವಿನ ಮಕರಂದ ಹೀರುವ ಸೂರಕ್ಕಿಗೆಂದು ಸಕ್ಕರೆ ನೀರು ಇಡುವವರಿದ್ದಾರೆ. ನನಗೆ ಇರುವೆಗಳ ಜಾತ್ರೆ ಬೇಡವೆನಿಸಿತು. ದಾಸವಾಳವೂ ರತ್ನಗಂಧಿಯೂ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿವೆ.

ಆದರೆ ನಿಜವಾಗಿ ಹಿತ್ತಲನ್ನು ತುಂಬಿಸಿದ್ದು ನೀರು. ವರ್ಷದಲ್ಲಿ ನಾಲ್ಕು ತಿಂಗಳು ಆಕಾಶವೇ ಸೋರುವ ಊರಿನಲ್ಲಿ ನೀರಿಡುವುದು ತಮಾಷೆಯಾಗಿ ಕಾಣಬಹುದು. ಫೆಬ್ರುವರಿಯಿಂದ ಕಾಫಿ ಅರಳಿಸುವ ಹೂಮಳೆ ಬೀಳುವವರೆಗೆ ಇಲ್ಲಿದ್ದು ನೋಡಬೇಕು. ಹಳ್ಳದ ಕಲ್ಲೆಲ್ಲ ಬೋಳಾಗಿರುತ್ತದೆ. ಹೂಕುಂಡದ ಅಡಿಗೆ ಇಡುವ ಅಗಲವಾದ ಮಣ್ಣಿನ ಬಾನಿ ತಂದೆ. ಮೊದಲು ತುಂಬ ನೀರು ತುಂಬಿ ಕಾಗೆಯನ್ನು ಮಾತ್ರ ಸಂಪಾದಿಸಿದೆ. ಚಿಕ್ಕ ಹಕ್ಕಿಗೆ ಆಳ ಎರಡು ಬೆರಳು ದಾಟಬಾರದು. ಮಧ್ಯೆ ಒಂದು ಒರಟು ಕಲ್ಲಿಟ್ಟೆ, ಕಾಲಿಗೆ ಹಿಡಿತ ಸಿಗಲಿ ಎಂದು. ನಿಂತ ನೀರಿಗಿಂತ ತೊಟ್ಟಿಕ್ಕುವ ನೀರಿಗೆ ಹಕ್ಕಿ ಬೇಗ ಬರುತ್ತದೆ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಹೊಲಿಗೆ ಯಂತ್ರದ ಸೂಜಿಯನ್ನೇ ಕಾಯಿಸಿ ಚುಚ್ಚಿದೆ. ತಲೆಕೆಳಗಾಗಿ ಕೊಂಬೆಗೆ ಕಟ್ಟಿದೆ, ಗಾಳಿಯಾಡಲು ತಳಕ್ಕೂ ಒಂದು ತೂತು. ಟಪ್, ಟಪ್ ಎಂಬ ಸದ್ದಿಗೆ ಮೂರೇ ದಿನದಲ್ಲಿ ಮಡಿವಾಳ ಹಕ್ಕಿ ಹಾಜರು. ಜನವರಿಯ ಒಂದು ಸಂಜೆ ಉದ್ದ ಬಾಲದ ಬಾಲದಂಡೆ ಹಕ್ಕಿ ಬಂತು, ಬಿಳಿ ಗಂಡು. ಬಾನಿಯ ಅಂಚಿನಲ್ಲಿ ಕೂರಲಿಲ್ಲ. ಹಲಸಿನ ಕೊಂಬೆಯಿಂದ ನೀರಿಗೆ ಒಮ್ಮೆ ಧುಮುಕಿ ಮತ್ತೆ ಕೊಂಬೆಗೆ, ಮತ್ತೆ ನೀರಿಗೆ, ಹಿಂದೆ ಎರಡು ರಿಬ್ಬನ್ ಎಳೆದುಕೊಂಡು. ಆ ಸಂಜೆ ಒಂದು ರವಿಕೆಯ ತೋಳನ್ನು ತಿರುವುಮುರುವಾಗಿ ಹಚ್ಚಿದ್ದೆ.

ಸೂರಕ್ಕಿ ಮಾತ್ರ ಬಾನಿಗೆ ಇಳಿಯುವುದೇ ಇಲ್ಲ. ದಾಸವಾಳದ ಎಲೆಗೆ ನೀರು ಚಿಮುಕಿಸಿದರೆ ಒದ್ದೆ ಎಲೆಗೆ ಮೈ ಉಜ್ಜಿ ಮೀಯುತ್ತದೆ. ಬಾನಿಯ ನೀರನ್ನು ದಿನಾ ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜುತ್ತೇನೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಹಕ್ಕಿಯ ನೆಪದಲ್ಲಿ ಬೀದಿಗೆ ಡೆಂಗಿ ಹಂಚುವುದು ಬೇಡ.

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಟುವ್ವಿ ಹಕ್ಕಿ ಎಲೆ ಹೊಲಿದು ಗೂಡು ಕಟ್ಟುತ್ತದೆ, ನಮ್ಮ ಕುಲದ್ದೇ ಎಂಬ ಅಕ್ಕರೆಯಿಂದ ದಾರದ ತುಂಡುಗಳನ್ನೆಲ್ಲ ಬೇಲಿಗೆ ಸಿಕ್ಕಿಸಿದೆ. ಒಯ್ದದ್ದು ಟುವ್ವಿಯಲ್ಲ, ಪಿಕಳಾರ. ಎರಡು ದಿನದ ಮೇಲೆ ಅದು ಕಾಲಿಗೆ ಪಾಲಿಯೆಸ್ಟರ್ ದಾರ ಸುತ್ತಿಕೊಂಡು ಬೇಲಿಯಲ್ಲಿ ನೇತಾಡುತ್ತಿತ್ತು. ಟವೆಲ್ ಹಾಕಿ ಹಿಡಿದು ಕತ್ತರಿಯಿಂದ ಬಿಡಿಸಿದೆ, ಹಾರಿಹೋಯಿತು. ಈಗ ಬೂರುಗದ ಹತ್ತಿಯನ್ನಷ್ಟೇ ಇಡುತ್ತೇನೆ.

ಇನ್ನೊಂದಕ್ಕೆ ಕತ್ತರಿಯೂ ಉಪಯೋಗಕ್ಕೆ ಬರಲಿಲ್ಲ. ಬೆನ್ನು ಹಸಿರಾಗಿರುವ ಕಾಡುಪಾರಿವಾಳವೊಂದು ನನ್ನ ಕಿಟಕಿಯ ಗಾಜನ್ನೇ ತೋಟವೆಂದುಕೊಂಡು ಬಂದು ಬಡಿದು ಸತ್ತಿತು. ಗಾಜಿನಲ್ಲಿ ಮರಗಳ ನೆರಳು ಅಷ್ಟು ಚೆನ್ನಾಗಿ ಮೂಡುತ್ತಿತ್ತು. ಅಂಗಡಿಯಿಂದ ತಂದ ಗಿಡುಗದ ಚಿತ್ರ ಒಂದನ್ನು ಅಂಟಿಸಿದೆ, ಹಕ್ಕಿಗಳು ಅದರ ಪಕ್ಕದಲ್ಲೇ ಬಡಿದವು. ಕೊನೆಗೆ ಕಿಟಕಿಯ ಹೊರಗೆ ಮೇಲಿನಿಂದ ಕೆಳಗೆ ಲಂಗದ ಲಾಡಿಗಳನ್ನು ನಾಲ್ಕು ಇಂಚಿಗೊಂದರಂತೆ ಇಳಿಬಿಟ್ಟೆ. ಅದಾದ ಮೇಲೆ ಒಂದೂ ಬಡಿದಿಲ್ಲ. ಬಟ್ಟೆ ಕೊಡಲು ಬಂದವರು, “ಅಕ್ಕಾ, ಇದೇನು, ಲಾಡಿ ಒಣಗಿಸಿದ್ದೀರಾ?” ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ವಿವರಿಸಲು ಹೊರಟರೆ ಅಳತೆ ಕೊಡುವುದೇ ಮರೆತುಹೋಗುತ್ತದೆ.

ಕ್ರೋಟನ್ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಾಗ ದಿನಕ್ಕೆ ನಾಲ್ಕು ಸಲ ಇಣುಕುತ್ತಿದ್ದೆ. ಮರಿಗಳು ಕಣ್ಣು ಬಿಡುವ ಹೊತ್ತಿಗೆ ಕೆಂಬೂತ ಬಂದು ಮೂರನ್ನೂ ಎತ್ತಿಕೊಂಡು ಹೋಯಿತು. ನವಿಲನ್ನು ನೋಡಿ ಕುಣಿಯಲು ಹೋದ ದಡ್ಡ ಎಂದು ಗಾದೆ ಅದನ್ನು ಆಡಿಕೊಳ್ಳುತ್ತದೆ. ಗೂಡು ಹುಡುಕುವುದರಲ್ಲಿ ಅದು ದಡ್ಡನಲ್ಲ, ನಾನು ಓಡಾಡಿ ದಾರಿಯನ್ನೂ ತೋರಿಸಿಕೊಟ್ಟಿದ್ದೆ. ಅದಕ್ಕೂ ಮರಿಗಳಿದ್ದವೇನೋ. ಈಗ ಗೂಡು ಕಂಡರೆ ಕುರ್ಚಿಯಿಂದ ಏಳುವುದಿಲ್ಲ.

ಲೆಕ್ಕ ಬರೆಯುವುದು ಅಳತೆ ಪುಸ್ತಕದಲ್ಲೇ. ಮುಂದಿನಿಂದ ಸೊಂಟ, ತೋಳು, ಕುತ್ತಿಗೆ. ಹಿಂದಿನಿಂದ ಹಕ್ಕಿ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಹಿತ್ತಲಿನ ಹಕ್ಕಿ ಎಣಿಕೆ ನಡೆಯುತ್ತದೆ, ಭಾರತದಲ್ಲಿ 2013ರಿಂದ. ಹದಿನೈದು ನಿಮಿಷ ಒಂದೆಡೆ ಕೂತು ಎಣಿಸಿ, ಹಕ್ಕಿಗಳ ಲೆಕ್ಕ ಇಡುವ ಇ-ಬರ್ಡ್ ಜಾಲತಾಣಕ್ಕೆ ಕಳುಹಿಸಿದರೆ ಆಯಿತು. ನನಗೆ ಕಷ್ಟವಾದದ್ದು ಒಂದೇ: ಅದೇ ಪಿಕಳಾರ ಏಳು ಸಲ ಬಂದರೆ ಏಳು ಪಿಕಳಾರ ಎಂದು ಬರೆಯಬಾರದು. ಒಟ್ಟಿಗೆ ಎಷ್ಟು ಕಂಡವೋ ಅಷ್ಟೇ ಲೆಕ್ಕ.

ಇನ್ನು ಅತ್ತೆಯ ವಿಷಯ. ಅವರಿಗೆ ಹಿತ್ತಲೆಂದರೆ ದಿನಾ ಗುಡಿಸಿ ಕನ್ನಡಿಯಂತೆ ಇಡಬೇಕಾದ ಜಾಗ. ಹಲಸಿನ ತರಗೆಲೆಯನ್ನು ಬುಡದಲ್ಲೇ ಬಿಡೋಣ, ಅದರಡಿ ಹುಳು ಇರುತ್ತದೆ, ಹುಳುವಿಗೆ ಹಕ್ಕಿ ಬರುತ್ತದೆ ಎಂದೆ. “ಹುಳು ಸಾಕುವ ಸೊಸೆಯನ್ನು ಇದೇ ಮೊದಲು ನೋಡಿದ್ದು” ಎಂದರು. ವಾದ ಎರಡು ವರ್ಷ ನಡೆಯಿತು. ಕೊನೆಗೆ ಮನೆಯಿಂದ ದೂರ, ಹಲಸಿನ ಬುಡದ ಎಂಟಡಿ ಜಾಗವನ್ನು ನನಗೆ ಬಿಟ್ಟುಕೊಟ್ಟರು. ಉಳಿದ ಅಂಗಳ ಅವರದು. ಹರಟೆಮಲ್ಲ ಹಕ್ಕಿಗಳ ದಂಡು ಮರುವಾರವೇ ಬಂದು ಎಲೆ ತಿರುವಿ ಹಾಕತೊಡಗಿತು. ಆ ಗಲಾಟೆ ಕೇಳಿ ಅತ್ತೆ ನನ್ನನ್ನೇ ಗುರಾಯಿಸಿದರು.

ಕಳೆದ ಅಕ್ಟೋಬರ್ ಕೊನೆಯಲ್ಲಿ, ದೀಪ ಹಚ್ಚುವ ಹೊತ್ತು. ನಾನು ಗುಂಡಿ ಹಚ್ಚುತ್ತಿದ್ದೆ. “ಇಲ್ಲಿ ಬಾ, ನಿನ್ನ ಕಸದ ಗುಡ್ಡೆಯಲ್ಲಿ ಯಾವುದೋ ಬಣ್ಣದ ಕೋಳಿಮರಿ ಕುಣಿಯುತ್ತಿದೆ” ಎಂದು ಅತ್ತೆ ಪಿಸುದನಿಯಲ್ಲಿ ಕರೆದರು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಮೋಟು ಬಾಲದ ಅಡಿ ಕೆಂಪು. ನವರಂಗ! ಉತ್ತರದಿಂದ ಚಳಿಗಾಲ ಕಳೆಯಲು ಬಂದದ್ದು, ತರಗೆಲೆಯಲ್ಲಿ ಕುಪ್ಪಳಿಸಿ ಎರೆಹುಳು ಎಳೆಯುತ್ತಿತ್ತು. ಇಬ್ಬರೂ ಬಾಗಿಲಲ್ಲೇ ನಿಂತೆವು. ಕತ್ತಲಾಗಿ ಅದು ಬೇಲಿಯೊಳಗೆ ನುಸುಳಿದ ಮೇಲೇ ದೀಪ ಹಚ್ಚಿದ್ದು.

ಅಳತೆ ಪುಸ್ತಕದಲ್ಲಿ ಅದನ್ನು ನವರಂಗ ಎಂದು ಬರೆದಿದ್ದೇನೆ. ಮನೆಯಲ್ಲಿ ಅದು ಕೋಳಿಮರಿಯೇ. ಕೆಲಸದ ಹುಡುಗಿ ಪೊರಕೆ ಹಿಡಿದು ಹಲಸಿನ ಕಡೆ ತಿರುಗಿದರೆ ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಕೂಗುತ್ತಾರೆ.