ಸೂತ್ರಕ್ಕಿಂತ ಮೊದಲು ಮನೆ ಎಣಿಸೋಣ: ನನ್ನ ಅನುಭವ

ಪಾಠ ಮಾಡಲು ಶುರು ಮಾಡಿದ ಹೊಸದರಲ್ಲಿ ನಾನು ಭಾಗಪ್ರಮಾಣ ಸೂತ್ರವನ್ನು, ಅಂದರೆ ಒಂದು ಗೆರೆಯನ್ನು ಕೊಟ್ಟ ಅನುಪಾತದಲ್ಲಿ ಭಾಗ ಮಾಡುವ ಬಿಂದುವನ್ನು ಹುಡುಕುವ ಸೂತ್ರವನ್ನು, ಬೋರ್ಡಿನ ಮೇಲೆ ಬರೆದು, ಸುತ್ತ ಚೌಕ ಹಾಕಿ, ‘ಬಾಯಿಪಾಠ ಮಾಡಿ’ ಅನ್ನುತ್ತಿದ್ದೆ. ದೂರ ಸೂತ್ರದಲ್ಲಿ ಮಕ್ಕಳಿಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ. ಇಲ್ಲಿ ಮಾತ್ರ ಎಡವುತ್ತಿದ್ದರು. ಅನುಪಾತದ ಎರಡು ಸಂಖ್ಯೆಗಳಿಗೆ ಸೂತ್ರದಲ್ಲಿ ಎಂ, ಎನ್ ಅಂತ ಹೆಸರು; ಎಂ ಅನ್ನು ಯಾವುದಕ್ಕೆ ಗುಣಿಸಬೇಕು, ಎನ್ ಅನ್ನು ಯಾವುದಕ್ಕೆ ಎಂಬಲ್ಲೇ ಗೊಂದಲ.

ಒಂದು ದಿನ ಈ ಲೆಕ್ಕ ಕೊಟ್ಟಿದ್ದೆ. ಎ ಬಿಂದು (2, 3), ಬಿ ಬಿಂದು (12, 8). ಎ ಕಡೆಯಿಂದ 2:3 ಅನುಪಾತದಲ್ಲಿ ಈ ಗೆರೆಯನ್ನು ಭಾಗ ಮಾಡುವ ಪಿ ಬಿಂದು ಯಾವುದು? ಒಬ್ಬ ಹುಡುಗಿ (8, 6) ಅಂತ ಬರೆದಿದ್ದಳು. ತಪ್ಪು ಅಂದೆ. ಅವಳು ಗ್ರಾಫ್ ಹಾಳೆ ತೋರಿಸಿದಳು. ‘ನೋಡಿ ಸರ್, ಬಿಂದು ಸರಿಯಾಗಿ ಗೆರೆ ಮೇಲೇ ಕೂತಿದೆ. ಹೇಗೆ ತಪ್ಪಾಗುತ್ತೆ?’ ನಿಜ, ಗೆರೆ ಮೇಲೇ ಇತ್ತು. ‘ಎಂ, ಎನ್ ಅದಲು ಬದಲಾಗಿದೆ’ ಅಂದೆ. ಮಾತು ಸರಿಯೇ, ಆದರೆ ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಅವಳ ಮುಖ ನೋಡಿದಾಗಲೇ ನನಗದು ಗೊತ್ತಾಯಿತು.

ಮರುದಿನ ಸೂತ್ರದ ಹೆಸರನ್ನೇ ಎತ್ತಲಿಲ್ಲ. ಗ್ರಾಫ್ ಹಾಳೆಯಲ್ಲಿ ಅದೇ ಎರಡು ಬಿಂದು ಹಾಕಿಸಿ, ಒಂದೊಂದು ಚೌಕವನ್ನು ಒಂದು ಮನೆ ಅಂದುಕೊಂಡು ಎಣಿಸಿ ಅಂತ ಕೇಳಿದೆ. ಎ ಇಂದ ಬಿ ಗೆ ಹೋಗಲು ಬಲಕ್ಕೆ ಎಷ್ಟು ಮನೆ? ಹತ್ತು. ಮೇಲಕ್ಕೆ? ಐದು. 2:3 ಅಂದರೆ ಒಟ್ಟು ಎಷ್ಟು ಪಾಲು? ಐದು. ಹಾಗಾದರೆ ಒಂದು ಪಾಲಿಗೆ ಬಲಕ್ಕೆ 2 ಮನೆ, ಮೇಲಕ್ಕೆ 1 ಮನೆ. ಎ ಇಂದ ಎರಡು ಪಾಲು ನಡೆದರೆ ಬಲಕ್ಕೆ 4, ಮೇಲಕ್ಕೆ 2. ಪಿ ಸಿಕ್ಕಿತು: (6, 5). ಹಿಂದಿನ ಬೆಂಚಿನವರೂ ಬಾಯಲ್ಲೇ ಹೇಳಿದರು.

ಓರೆ ಗೆರೆಯ ಪಾಲನ್ನು ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಹಂಚಬಹುದು ಅಂತ ಹೇಗೆ ನಂಬುವುದು? ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಎ ಇಂದ ಪಿ ಗೆ ಒಂದು ಲಂಬಕೋನ ತ್ರಿಭುಜ, ಎ ಇಂದ ಬಿ ಗೆ ಇನ್ನೊಂದು. ಎ ಹತ್ತಿರದ ಕೋನ ಎರಡಕ್ಕೂ ಒಂದೇ. ಅಂದರೆ ಸಮರೂಪ ತ್ರಿಭುಜಗಳು, ಬಾಹುಗಳು ಸಮಾನುಪಾತದಲ್ಲಿರುತ್ತವೆ. ಸಮರೂಪತೆಯ ಪಾಠ ಬೇರೆ, ನಿರ್ದೇಶಾಂಕದ ಪಾಠ ಬೇರೆ ಅಂದುಕೊಂಡಿದ್ದ ಮಕ್ಕಳಿಗೆ ಎರಡೂ ಇಲ್ಲಿ ಬಂದು ಸೇರುತ್ತವೆ. ನನಗೆ ತುಂಬಾ ಇಷ್ಟವಾದ ಜಾಗ ಇದು.

ಆಮೇಲೆ ಆ ಹುಡುಗಿಯ ಪ್ರಶ್ನೆಗೆ ಬಂದೆ. ಅನುಪಾತ ತಿರುಗಿಸಿದರೂ ಬಿಂದು ಗೆರೆ ಬಿಟ್ಟು ಹೋಗುವುದಿಲ್ಲ. ಅದು ಬಿ ಕಡೆಗೆ ಜರುಗುತ್ತದೆ, ಅಷ್ಟೇ. ಹಾಗಾಗಿ ಗೆರೆ ಮೇಲಿದೆಯಾ ಅಂತ ನೋಡಿದರೆ ಸಾಲದು, ಮಧ್ಯಬಿಂದುವಿಗೆ ಹೋಲಿಸಬೇಕು. ಮಧ್ಯಬಿಂದು (7, 5.5). 2:3ರಲ್ಲಿ ಎ ಕಡೆಯ ಪಾಲು ಚಿಕ್ಕದು, ಹಾಗಾಗಿ ಪಿ ಮಧ್ಯಕ್ಕಿಂತ ಈಚೆಗೇ ಇರಬೇಕು. 6 ಈಚೆಗಿದೆ, 8 ಆಚೆಗಿದೆ. ಸೂತ್ರ ಬಳಸಿದವರೂ ಇದೊಂದನ್ನು ನೋಡಿದರೆ ಸಾಕು, ಅದಲು ಬದಲು ಅಲ್ಲೇ ಸಿಕ್ಕಿಬೀಳುತ್ತದೆ.

ಸೂತ್ರವನ್ನು ನಾನು ಬಿಟ್ಟಿಲ್ಲ. ವಾರದ ಕೊನೆಗೆ ಇದೇ ನಡಿಗೆಯನ್ನು ಅಕ್ಷರಗಳಲ್ಲಿ ಬರೆಸುತ್ತೇನೆ, ಸೂತ್ರ ತಾನಾಗಿ ಬರುತ್ತದೆ. ಪಿ ಬಿಂದು ಎ ಗೆ ಹತ್ತಿರ, ಹಾಗಾಗಿ ದೊಡ್ಡ ಸಂಖ್ಯೆ 3 ಎ ಜೊತೆ ಗುಣಿಸಿಕೊಳ್ಳುತ್ತದೆ, 2 ಬಿ ಜೊತೆ. ಬಲಕ್ಕಿರುವ ಲೆಕ್ಕದಲ್ಲಿ 3 × 2 ಅಂದರೆ 6, 2 × 12 ಅಂದರೆ 24. 6ಕ್ಕೆ 24 ಕೂಡಿಸಿ 5ರಿಂದ ಭಾಗಿಸಿದರೆ ಅದೇ 6.

ಮುಂದಿನ ಲೆಕ್ಕ: (−2, 5) ಮತ್ತು (6, 1) ಸೇರಿಸುವ ಗೆರೆಯನ್ನು ವೈ ಅಕ್ಷ ಯಾವ ಅನುಪಾತದಲ್ಲಿ ಕತ್ತರಿಸುತ್ತದೆ? ಇದಕ್ಕೆ ಕೆ:1 ಅಂತ ಇಟ್ಟುಕೊಂಡು ಸಮೀಕರಣ ಬಿಡಿಸುವುದು ವಾಡಿಕೆ. ಚಿತ್ರ ಬರೆದರೆ ಒಂದು ಬಿಂದು ಅಕ್ಷದಿಂದ ಎಡಕ್ಕೆ 2 ಮನೆ ದೂರ, ಇನ್ನೊಂದು ಬಲಕ್ಕೆ 6 ಮನೆ. 2:6, ಅಂದರೆ 1:3. ಎತ್ತರ 5ರಿಂದ 1ಕ್ಕೆ ಇಳಿಯುತ್ತದೆ, ಒಟ್ಟು 4. ಅದರ ಕಾಲು ಭಾಗ 1. ಕತ್ತರಿಸುವ ಬಿಂದು (0, 4). ಆದರೆ −2ರಿಂದ 6ಕ್ಕೆ 4 ಮನೆ ಅನ್ನುವವರು ಪ್ರತಿ ವರ್ಷ ಇರುತ್ತಾರೆ. ಬೈಯುವುದಿಲ್ಲ. ಸೊನ್ನೆ ದಾಟಿ ಬೆರಳಿಟ್ಟು ಎಣಿಸಿ ಅನ್ನುತ್ತೇನೆ, ಎಂಟು ಬರುತ್ತದೆ.

ಅನುಪಾತದ ಪಾಠಕ್ಕೂ ಈಗ ಗ್ರಾಫ್ ಹಾಳೆ ತರಿಸುತ್ತೇನೆ. ಎರಡೂ ಜಾಸ್ತಿಯಾಗುತ್ತಾ ಹೋದರೆ ನೇರ ಅನುಪಾತ ಅಂತ ತುಂಬಾ ಮಕ್ಕಳು ನಂಬಿರುತ್ತಾರೆ. (1, 3), (2, 5), (3, 7) ಗುರುತಿಸಲು ಹೇಳಿದೆ. ನೇರ ಗೆರೆಯೇ ಬಂತು. ಆದರೆ 1 ಇದ್ದದ್ದು 2 ಆದಾಗ 3 ಇದ್ದದ್ದು 6 ಆಗಬೇಕಿತ್ತು, 5 ಆಗಿದೆ. ಸ್ಕೇಲ್ ಇಟ್ಟು ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಮೂಲಬಿಂದುವಿಗೆ ಹೋಗದೆ ವೈ ಅಕ್ಷವನ್ನು 1ರಲ್ಲಿ ಮುಟ್ಟಿತು. ಆಗ ಕಿಟಕಿ ಪಕ್ಕದ ಹುಡುಗನೊಬ್ಬ, ‘ಸರ್, ಎಲ್ಲ ಬಿಂದುಗಳನ್ನೂ ಒಂದೊಂದು ಮನೆ ಕೆಳಗಿಳಿಸಿದರೆ ಅನುಪಾತ ಆಗುತ್ತಲ್ವಾ?’ ಅಂದ. ಇಳಿಸಿ ನೋಡು ಅಂದೆ. (1, 2), (2, 4), (3, 6) ಅಂತ ಬರೆದು, ಮೂಲಬಿಂದುವಿನಿಂದ ಸ್ಕೇಲ್ ಇಟ್ಟು ಗೆರೆ ಎಳೆದ.