ಹೆಸರನ್ನು ಮುಚ್ಚಿ ಓದಿದಾಗ ಸಿಕ್ಕ ಒನೇಸಿಮ: ನನ್ನ ಅನುಭವ

"ಹೆಸರಿಗೆ ಎಂಥ ವ್ಯಾಕರಣ?" ನಮ್ಮ ಗ್ರೀಕ್ ಓದುವ ಗುಂಪಿನಲ್ಲಿ ಮೂರು ವರ್ಷ ಈ ಮಾತು ಕೇಳಿಸಿಕೊಂಡಿದ್ದೇನೆ. ಹೋದ ತಿಂಗಳು ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಪೌಲ ಸೆರೆಯಿಂದ ಫಿಲೆಮೋನನಿಗೆ ಬರೆದ ಪತ್ರ ಓದಿದೆವು, ಫಿಲೆಮೋನನ ಆಳು ಒನೇಸಿಮನ ಪರವಾಗಿ ಬರೆದದ್ದು. ಆಮೇಲೆ ಯಾರೂ ಹಾಗೆ ಕೇಳಿಲ್ಲ.

ಮೊದಲು ಹೋದ ದುಡ್ಡಿನ ಮಾತು. ಹೆಸರುಗಳ ಅರ್ಥ ಹೇಳುವ ಪುಸ್ತಕ ನಾಲ್ಕೋ ಐದೋ ತಂದೆ, 2,000 ರೂಪಾಯಿ ಹತ್ತಿರ. ಒಂದು ಆನ್‌ಲೈನ್ ಕೋರ್ಸಿಗೆ ಸುಮಾರು 7,000. ಅದು ಅರ್ಧಕ್ಕೇ ನಿಂತಿತು, ದುಡ್ಡು ವಾಪಸ್ ಬರಲಿಲ್ಲ. ಪುಸ್ತಕಗಳಲ್ಲಿ ಒನೇಸಿಮ ಎಂದರೆ 'ಲಾಭ' ಎಂದಿತ್ತು. ಲಾಭ ಅನ್ನುವುದಕ್ಕೆ ಪದ ಒನೇಸಿಸ್. ಒನೇಸಿಮೊಸ್ ಗುಣವಾಚಕ, 'ಉಪಯೋಗಕ್ಕೆ ಬರುವವನು'. ಪುಸ್ತಕ ನಂಬಿ ಒಂದು ವರ್ಷ ತಪ್ಪು ಪಾಠ ಮಾಡಿದೆ. ಅದು ಇವತ್ತಿಗೂ ನೋಯುತ್ತದೆ.

ಕೊನೆಗೆ ಕೈ ಹಿಡಿದದ್ದು ಖರ್ಚಿಲ್ಲದ ಉಪಾಯ. ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸಿ ಉಳಿದದ್ದನ್ನು ಓದುವುದು. 10ನೇ ವಚನದಲ್ಲಿ 'ಮಗು' ನಪುಂಸಕ, ಷಷ್ಠಿಯಲ್ಲಿದೆ. ಬೆನ್ನಿಗೇ ಬರುವ 'ಹೊನ್' ('ಯಾವನನ್ನು') ಪುಲ್ಲಿಂಗ, ದ್ವಿತೀಯಾ. ಅಲ್ಲಿಗೆ ಗಂಡಸು ಅಂತ ಗೊತ್ತಾಯಿತು. ಹಾಗಾದರೆ ಹೆಸರೂ 'ಮಗು'ವಿನ ಹಾಗೆ ಷಷ್ಠಿಯಲ್ಲಿ ಬರಬೇಕಿತ್ತಲ್ವಾ? ಬಹಳ ದಿನ ಒದ್ದಾಡಿದೆ. ಅದು 'ಹೊನ್' ಎಳೆದ ಕಡೆಗೆ ಹೋಗಿ ಒನೇಸಿಮೊನ್ ಆಗಿದೆ, ಅದೂ ವಾಕ್ಯದ ತುದಿಯಲ್ಲಿ. ಆಳಿನ ಹೆಸರು ಯಜಮಾನನ ಕಿವಿಗೆ ಬೀಳುವ ಮುಂಚೆಯೇ ಪೌಲ ಅವನನ್ನು 'ನನ್ನ ಮಗು' ಎಂದುಬಿಟ್ಟಿದ್ದಾನೆ! ಕನ್ನಡದಲ್ಲಿ ಈ ಕ್ರಮ ಸಲೀಸು: 'ಸೆರೆಯಲ್ಲಿದ್ದು ನಾನು ಹೆತ್ತ ನನ್ನ ಮಗು ಒನೇಸಿಮ'. ಇಂಗ್ಲಿಷಿಗಿಂತ ನಮ್ಮ ಭಾಷೆಯೇ ಇಲ್ಲಿ ಪೌಲನಿಗೆ ಹತ್ತಿರ.

11ನೇ ವಚನದಲ್ಲಿ ಆಖ್ರೇಸ್ತೊನ್, ಎವ್‌ಖ್ರೇಸ್ತೊನ್. ಮೊದಲು ಉಪಯೋಗವಿಲ್ಲದವನು, ಈಗ ಉಪಯೋಗದವನು. ಪಟ್ಟಿ ಇನ್ನೂ ತೆಗೆದಿರಲಿಲ್ಲ. ಹಿಂದೆ ಕೂತಿದ್ದವರೊಬ್ಬರು, "ಹೆಸರಿನಲ್ಲೇ ಉಪಯೋಗ ಇರಬೇಕು" ಅಂದರು. ಜಾಸ್ತಿ ಅನುಮಾನ ಪಡುತ್ತಿದ್ದವರೇ ಅವರು! ಬೇರು ಬೇರೆ, ಅರ್ಥ ಒಂದೇ. ಹೆಸರಿನ ಬೇರು ಬರುವುದು 20ನೇ ವಚನದಲ್ಲಿ: ಒನೈಮೇನ್, 'ನಿನ್ನಿಂದ ನನಗೆ ಉಪಯೋಗವಾಗಲಿ'. ಆ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಅದೊಂದೇ ಸಲ. ಆದಿ ಕ್ರೈಸ್ತ ಸಭೆಯ ಬಿಷಪ್ ಇಗ್ನಾತಿಯಸ್ ಎಫೆಸದವರಿಗೆ ಬರೆದ ಪತ್ರದಲ್ಲೂ ಒನೇಸಿಮ ಎಂಬ ಬಿಷಪ್ ಇದ್ದಾರೆ, ಅಲ್ಲೂ ಒನೈಮೇನ್ ಇದೆ. ಅದನ್ನು ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಪಟ್ಟಿಯನ್ನು ಯಾವ ಪದದ ಹತ್ತಿರ ತೆಗೆಯಬೇಕು ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಬೇರೆ ಹೆಸರುಗಳ ಮೇಲೂ ಅಂಟಿಸಿ ನೋಡಿದೆ. ಫಿಲಿಪ್ಪಿ 4:2ರ ಯುವೊದ್ಯ ಗಂಡೋ ಹೆಣ್ಣೋ? ಮುಂದಿನ ವಚನದ ಸರ್ವನಾಮಗಳು ಸ್ತ್ರೀಲಿಂಗ, ಮುಗಿಯಿತು. ಹಳೆಯ ಕಿಂಗ್ ಜೇಮ್ಸ್ ಬೈಬಲ್ ಅದನ್ನು ಗಂಡಸಿನ ಹೆಸರಿನ ಹಾಗೆ 'ಯುವೊದಿಯಸ್' ಎಂದು ಬರೆದಿದೆ. ಲೂಕ ಬರೆದ ಅಪೊಸ್ತಲರ ಕೃತ್ಯಗಳಲ್ಲಿ ಮೂರನೆಯ ಅಂತಸ್ತಿನಿಂದ ಬಿದ್ದ ಯೂತಿಖನ ಹತ್ತಿರ ಸೋತೆ. ಹೆಸರಿನ ಅರ್ಥ 'ಅದೃಷ್ಟವಂತ', ಆದರೆ ಲೂಕ ಅದನ್ನು ಮುಟ್ಟಿ ಮಾತಾಡುವುದೇ ಇಲ್ಲ. ಸುಮ್ನೆ ಅರ್ಥ ಹಚ್ಚಲು ಹೋಗಲಿಲ್ಲ, ಪಟ್ಟಿ ತೆಗೆದು ಮುಂದೆ ಹೋದೆ.

ಈಗ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಒನೇಸಿಫೊರನ ಮೇಲೆ ಪಟ್ಟಿ ಅಂಟಿಸಿದ್ದೇನೆ.